ಅಜ್ಜಿಯ ಪೂಜೆಯ ರೂಪಾಯಿಗಳಲ್ಲಿ ಬೆಳ್ಳಿ ಎಷ್ಟು?

ಮಲ್ಲೇಶ್ವರದಿಂದ, ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ವರಮಹಾಲಕ್ಷ್ಮಿ ಹಬ್ಬದಲ್ಲಿ ಕಲಶದ ಮುಂದೆ ಇಡುತ್ತಿದ್ದ ಅಜ್ಜಿಯ ನಾಣ್ಯಗಳು ಈಗ ನನ್ನ ಪಾಲಿಗೆ ಬಂದಿವೆ. ವಿಕ್ಟೋರಿಯಾ, ಏಳನೆಯ ಎಡ್ವರ್ಡ್ ಮತ್ತು ಐದನೆಯ ಜಾರ್ಜ್ ಕಾಲದ ರೂಪಾಯಿಗಳು 8, ಆರನೆಯ ಜಾರ್ಜ್ ಕಾಲದ 1942ರಿಂದ 1945ರವರೆಗಿನವು 11, ಹುಲಿಯ ಚಿತ್ರವಿರುವ 1947ರವು 2, ಗಾಂಧೀಜಿಯ ಮುಖವಿದ್ದು '1869-1948' ಎಂದಿರುವ ಹತ್ತು ರೂಪಾಯಿ ಒಂದು. ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಒರೆಗಲ್ಲಿಗೂ ಹಚ್ಚದೆ, ಎಲ್ಲವೂ ಅರ್ಧ ಬೆಳ್ಳಿಯೇ ಎಂದು ಹೇಳಿಬಿಟ್ಟರು. ಇದು ಸರಿಯೇ?

ಬಸವನಗುಡಿಯಿಂದ:
ಸರಿಯಲ್ಲ. 1835ರಲ್ಲಿ ಕಂಪನಿ ಸರ್ಕಾರ ನಿಗದಿಪಡಿಸಿದ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ; ಅದರಲ್ಲಿ 11 ಪಾಲು ಬೆಳ್ಳಿಗೆ ಒಂದು ಪಾಲು ಮಿಶ್ರಲೋಹ, ಎಂದರೆ ಶೇಕಡಾ 91.7 ಬೆಳ್ಳಿ. ಹಾಗಾಗಿ ನಿಮ್ಮ ಮೊದಲ 8 ನಾಣ್ಯಗಳಲ್ಲಿ ತಲಾ 10.69 ಗ್ರಾಂ ಅಪ್ಪಟ ಬೆಳ್ಳಿ ಇರಬೇಕು. ಎರಡನೆಯ ಮಹಾಯುದ್ಧದಲ್ಲಿ ಜನ ಬೆಳ್ಳಿ ರೂಪಾಯಿಗಳನ್ನು ಕೂಡಿಡತೊಡಗಿದ್ದರಿಂದ ಸರ್ಕಾರ 1940ರಲ್ಲಿ ಒಂದು ರೂಪಾಯಿ ನೋಟನ್ನು ಮತ್ತೆ ಚಲಾವಣೆಗೆ ತಂದಿತು, ನಾಣ್ಯದ ಬೆಳ್ಳಿಯನ್ನೂ ಶೇಕಡಾ 50ಕ್ಕೆ ಇಳಿಸಿತು. ಉಳಿದದ್ದು ತಾಮ್ರ, ನಿಕ್ಕಲ್ ಮತ್ತು ಸತು. ಆರನೆಯ ಜಾರ್ಜ್ ತಲೆ ಇರುವುದೆಲ್ಲ ಅರ್ಧ ಬೆಳ್ಳಿ ಎಂದು ತಿಳಿದುಕೊಳ್ಳಿ.

ಜಯನಗರದಿಂದ:
ಮೇಲಿನ ಉತ್ತರದ ಕೊನೆಯ ಮಾತಿಗೆ ಒಂದು ತಿದ್ದುಪಡಿ. ಆರನೆಯ ಜಾರ್ಜ್ ಹೆಸರಿನ 1938ರ ರೂಪಾಯಿಗಳು ಹಳೆಯ ಶುದ್ಧತೆಯವೇ, 1947ರ ಹುಲಿ ರೂಪಾಯಿಯಲ್ಲಂತೂ ಬೆಳ್ಳಿಯ ಸುಳಿವೇ ಇಲ್ಲ, ಅದು ನಿಕ್ಕಲ್. ಆದ್ದರಿಂದ ರಾಜನ ಮುಖಕ್ಕಿಂತ ಇಸವಿಯನ್ನು ನೋಡುವುದು ಒಳ್ಳೆಯದು. ಹುಲಿ ನಾಣ್ಯಕ್ಕೆ ಅಯಸ್ಕಾಂತ ಹಿಡಿಯಿರಿ, ಅಂಟಿಕೊಳ್ಳುತ್ತದೆ. ಗಾಂಧೀಜಿಯ ಹತ್ತು ರೂಪಾಯಿ ಅವರ ಜನ್ಮಶತಾಬ್ದಿಗಾಗಿ ಹೊರಬಂದದ್ದು. 15 ಗ್ರಾಂ ತೂಕ, ಶೇಕಡಾ 80 ಬೆಳ್ಳಿ. ಅದೇ ಸಂದರ್ಭದ ಒಂದು ರೂಪಾಯಿ ನಾಣ್ಯವನ್ನು ಬೆಳ್ಳಿಯೆಂದು ನಂಬಿ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ, ಅದೂ ನಿಕ್ಕಲ್ಲೇ.

ಲೆಕ್ಕ ಹಾಕಿದರೆ ಹಳೆಯ 8ರಿಂದ 85.5 ಗ್ರಾಂ, ಯುದ್ಧಕಾಲದ 11ರಿಂದ 64.1 ಗ್ರಾಂ, ಗಾಂಧೀಜಿಯದರಿಂದ 12 ಗ್ರಾಂ, ಒಟ್ಟು ಸುಮಾರು 161.6 ಗ್ರಾಂ ಬೆಳ್ಳಿ. ಅಂಗಡಿಯವರ ಮಾತಿನಂತೆ ಎಲ್ಲಕ್ಕೂ ಅರ್ಧ ಹಿಡಿದರೆ 130 ಗ್ರಾಂ ಮಾತ್ರ (ಹುಲಿಗಳ ಮಟ್ಟಿಗೆ ಅವರು ಉದಾರಿಗಳೇ ಎನ್ನಬೇಕು). ಸಂದೇಹವಿದ್ದರೆ ಗ್ರಾಮಿನ ನೂರನೆಯ ಒಂದು ಪಾಲನ್ನು ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಿ. ಹಳೆಯ ರೂಪಾಯಿಗೆ ತಕ್ಕಡಿ ಸುಮಾರು 1.13 ಗ್ರಾಂ ಏರುತ್ತದೆ, ಅರ್ಧ ಬೆಳ್ಳಿಯದಕ್ಕೆ 1.22ರಷ್ಟು.

ಮಲ್ಲೇಶ್ವರದಿಂದ:
ಇಬ್ಬರಿಗೂ ಧನ್ಯವಾದಗಳು. ಎರಡು ಹುಲಿಗಳೂ ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿಕೊಂಡವು. ಹಳೆಯ 8 ನಾಣ್ಯಗಳು 93.28 ಗ್ರಾಂ ತೂಗಬೇಕಿತ್ತು, ಆದರೆ 92.1 ಮಾತ್ರ ತೂಗಿದವು. ಅಜ್ಜಿ ಪ್ರತಿ ಹಬ್ಬಕ್ಕೂ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದುದೂ ಇದಕ್ಕೆ ಕಾರಣವಿರಬಹುದೇ?

ಜಯನಗರದಿಂದ:
ಚಲಾವಣೆಯಲ್ಲಿ ಸವೆದದ್ದೇ ಹೆಚ್ಚಿರಬಹುದು, ತಿಕ್ಕಿದ್ದೂ ಸೇರಿರುತ್ತದೆ. ಇನ್ನು ಮುಂದೆ ತಿಕ್ಕಬೇಡಿ. ಸಂಗ್ರಾಹಕರು ಹೊಳಪಿಗಿಂತ ಅಕ್ಷರಗಳ ಅಂಚನ್ನು ನೋಡುತ್ತಾರೆ.