ಗೆಲ್ಸನ್‌ಕಿರ್ಶನ್‌ನ ಇಟ್ಟಿಗೆ ಚರ್ಚ್ ಈಗ ಈವೆಂಟ್ ಹಾಲ್, ಇದು ಸರೀನಾ?

ರೂರ್_ಕನ್ನಡಿಗ
ಎಲ್ರಿಗೂ ನಮಸ್ಕಾರ. ನಾನು ಜರ್ಮನಿಯ ಬೋಖುಮ್‌ನಲ್ಲಿ ಮಾಸ್ಟರ್ಸ್ ಮಾಡ್ತಿದೀನಿ, 302 ನಂಬರ್ ಟ್ರಾಮ್‌ನಲ್ಲಿ ಗೆಲ್ಸನ್‌ಕಿರ್ಶನ್ ಕಡೆ ಹೋಗುವಾಗ ಯುಕೆಂಡಾರ್ಫ್ ಹತ್ರ ಒಂದು ಭಾರೀ ಇಟ್ಟಿಗೆ ಗೋಪುರ ಕಾಣುತ್ತೆ, ಮೊದಲು ಅದು ಯಾವುದೋ ಹಳೇ ಫ್ಯಾಕ್ಟರಿ ಇರ್ಬೇಕು ಅಂದ್ಕೊಂಡಿದ್ದೆ, ಆಮೇಲೆ ವಿಚಾರಿಸಿದ್ರೆ ಹೈಲಿಗ್ ಕ್ರೊಯಿಟ್ಸ್ ಅನ್ನೋ ಕ್ಯಾಥೊಲಿಕ್ ಚರ್ಚ್ ಅಂತೆ, 1927ರಿಂದ 29ರ ಒಳಗೆ ಕಟ್ಟಿದ್ದು, 2007ರಲ್ಲಿ ಪೂಜೆ ನಿಲ್ಸಿ ಈಗ ಸಂಗೀತ, ಸಭೆ, ಕಾರ್ಯಕ್ರಮಕ್ಕೆ ಕೊಡ್ತಾರಂತೆ. ಒಂದು ಸಂಗೀತ ಕಛೇರಿಗೆ ಒಳಗೆ ಹೋಗಿದ್ದೆ. ಗೋಡೆ ಎಲ್ಲಿ ಮುಗೀತು, ಛಾವಣಿ ಎಲ್ಲಿ ಶುರುವಾಯ್ತು ಅಂತಾನೇ ಗೊತ್ತಾಗಲ್ಲ, ಪೂರ್ತಿ ಒಂದೇ ಬಾಗು. ಎರಡು ಪ್ರಶ್ನೆ. ಈ ಆಕಾರ ಯಾಕೆ? ಇನ್ನೊಂದು, ದೇವರ ಜಾಗವನ್ನ ಹೀಗೆ ಹಾಲ್ ಮಾಡೋದು ಅಲ್ಲಿನವರಿಗೆ ಹೇಗೆ ಒಪ್ಪಿಗೆ ಆಗುತ್ತೆ?

ಗಾರೆ_ಮತ್ತು_ಗೆರೆ
ಒಳ್ಳೇ ಕಟ್ಟಡ ನೋಡಿದೀರಾ ಗುರು. ಅದರ ಆರ್ಕಿಟೆಕ್ಟ್ ಯೋಸೆಫ್ ಫ್ರಾಂಕೆ, ಗೆಲ್ಸನ್‌ಕಿರ್ಶನ್‌ನಲ್ಲೇ ಆಫೀಸ್ ಇಟ್ಕೊಂಡು ಕೆಲಸ ಮಾಡಿದವರು. ನೀವು ನೋಡಿದ ಬಾಗು ಪ್ಯಾರಾಬೋಲ, ಅಂದ್ರೆ ಮೇಲಕ್ಕೆ ಎಸೆದ ಚೆಂಡು ಹೋಗಿ ಬೀಳೋ ದಾರಿಯ ಆಕಾರ. ಇಟ್ಟಿಗೆ ಅದುಮೋ ಭಾರವನ್ನ ಚೆನ್ನಾಗಿ ತಡ್ಕೊಳುತ್ತೆ, ಎಳೆದ್ರೆ ಮಾತ್ರ ಬಿಟ್ಕೊಂಡ್ಬಿಡುತ್ತೆ, ಅದಕ್ಕೆ ಭಾರ ಆದಷ್ಟೂ ನೇರವಾಗಿ ಕೆಳಗೆ ಇಳಿದು ಹೋಗೋ ಆಕಾರ ಬೇಕು, ಎತ್ತರದ ಪ್ಯಾರಾಬೋಲದಲ್ಲಿ ಪಕ್ಕಕ್ಕೆ ತಳ್ಳೋ ಬಲ ಅರೆವೃತ್ತದ ಕಮಾನಿಗಿಂತ ಕಮ್ಮಿ. ಆದ್ರೆ ಇಂಜಿನಿಯರಿಂಗ್ ಒಂದೇ ಕಾರಣ ಅಲ್ಲ. ಆಗ ಜರ್ಮನ್ ಕ್ಯಾಥೊಲಿಕರಲ್ಲಿ ಜನ ದೂರ ಕೂತು ಪೂಜೆ ನೋಡೋದಲ್ಲ, ಎಲ್ರೂ ಒಟ್ಟಾಗಿ ಭಾಗವಹಿಸ್ಬೇಕು ಅನ್ನೋ ಚಳವಳಿ ಜೋರಾಗಿತ್ತು, ಹಾಗಾಗಿ ಸಾಲು ಕಂಬ ಅಡ್ಡ ಬರದ ಒಂದೇ ದೊಡ್ಡ ಜಾಗ ಬೇಕಿತ್ತು. ಡೊಮಿನಿಕುಸ್ ಬೋಮ್ ಅನ್ನೋ ಇನ್ನೊಬ್ಬ ಆರ್ಕಿಟೆಕ್ಟ್ ಕೂಡ ಇದೇ ದಾರೀಲಿ ಹೋದವರು, ಕೊಲೋನ್‌ನಲ್ಲಿ ಅವರ ಸೇಂಟ್ ಎಂಗೆಲ್ಬರ್ಟ್ ಚರ್ಚ್ (1930-32) ಇದೆಯಲ್ಲ, ಅದನ್ನ ಊರವರು ನಿಂಬೆಹಣ್ಣು ಹಿಂಡೋ ಸಾಧನ ಅಂತ ಕರೀತಾರೆ.

ಇನ್ನೊಂದ್ಸಲ ಹೋದ್ರೆ ಹೊರಗೋಡೆ ಹತ್ರ ಹೋಗಿ ಒಂದೊಂದೇ ಇಟ್ಟಿಗೆ ನೋಡಿ. ಅಲ್ಲೆಲ್ಲ ಬಳಸ್ತಿದ್ದದ್ದು ಕ್ಲಿಂಕರ್, ಮಣ್ಣು ಅರ್ಧ ಗಾಜಾಗೋವಷ್ಟು ಬಿಸಿಯಲ್ಲಿ ಸುಟ್ಟದ್ದು, ನೀರು ಹೀರಲ್ಲ, ಕಲ್ಲಿದ್ದಲ ಹೊಗೆಗೂ ಜಗ್ಗಲ್ಲ. ಗೂಡಲ್ಲಿ ಬೆಂಕಿಗೆ ಹತ್ರ ಇದ್ದದ್ದು ನೇರಳೆ-ಕಪ್ಪು, ದೂರ ಇದ್ದದ್ದು ಕೆಂಪು, ಹಾಗಾಗಿ ಬಣ್ಣ ಬಳೀದೇನೇ ಗೋಡೆ ತುಂಬ ಬಣ್ಣ. ನನಗಂತೂ ಇದಕ್ಕಿಂತ ಚಂದದ ಗೋಡೆ ಬೇರೆ ಇಲ್ಲ.

ಮಂಗ್ಳೂರು_ಮೇರಿ
ಎರಡನೇ ಪ್ರಶ್ನೆಗೆ ನಾನು ಹೇಳ್ತೇನೆ. ಹಾಗೆ ಸುಮ್ಮನೆ ಬಾಗಿಲು ಹಾಕಿ ಕೀ ಕೊಟ್ಟುಬಿಡೋದಿಲ್ಲ. ಬಿಷಪ್ ಲಿಖಿತ ಆದೇಶ ಹೊರಡಿಸ್ಬೇಕು, ಕೊನೇ ಪೂಜೆ ಆಗುತ್ತೆ, ಪರಮ ಪ್ರಸಾದವನ್ನು (ಪೂಜೆಯಲ್ಲಿ ಪವಿತ್ರ ಮಾಡಿದ ರೊಟ್ಟಿ) ಹೊರಗೆ ತರ್ತಾರೆ, ಬಲಿಪೀಠದ ಒಳಗಿರೋ ಸಂತರ ಅವಶೇಷ ತೆಗೀತಾರೆ. ನಮ್ಮಲ್ಲಿ ದೇವಸ್ಥಾನ ಜೀರ್ಣೋದ್ಧಾರಕ್ಕೆ ಮೊದ್ಲು ಮೂರ್ತಿಯ ದೈವಶಕ್ತಿ ಹೊರಗೆ ತೆಗೆಯೋ ಕಳಾಕರ್ಷಣೆ ಮಾಡ್ತಾರಲ್ಲ, ಸುಮಾರಾಗಿ ಹಾಗೆ ಅಂತ ಇಟ್ಕೊಳ್ಳಿ, ವ್ಯತ್ಯಾಸ ಏನಂದ್ರೆ ಇಲ್ಲಿ ಮತ್ತೆ ಪ್ರತಿಷ್ಠೆ ಇಲ್ಲ. ಅದಾದ್ಮೇಲೆ ಧರ್ಮದ ಲೆಕ್ಕದಲ್ಲಿ ಅದು ಬರೀ ಕಟ್ಟಡ. ಆದ್ರೆ ಅಲ್ಲೇ ಮದುವೆ ಆದವರಿಗೆ, ಅಪ್ಪ ಅಮ್ಮನ ಮಣ್ಣು ಮಾಡಿದವರಿಗೆ ಬರೀ ಕಟ್ಟಡ ಆಗೋದು ಹೇಗೆ? ಈ ಊರು ಸೇರೋ ಎಸ್ಸೆನ್ ಧರ್ಮಪ್ರಾಂತ್ಯದಲ್ಲಿ (ಒಬ್ಬ ಬಿಷಪ್ ಕೆಳಗಿನ ಪ್ರದೇಶ) 2006ರ ಸುಮಾರಿಗೆ 259 ಪ್ಯಾರಿಷ್‌ಗಳನ್ನ, ಅಂದ್ರೆ ಸ್ಥಳೀಯ ಚರ್ಚ್ ಸಮುದಾಯಗಳನ್ನ, 43ಕ್ಕೆ ಇಳ್ಸಿದ್ರು, 96 ಚರ್ಚ್‌ಗಳಿಗೆ ಇನ್ನು ದುಡ್ಡು ಕೊಡಕ್ಕಾಗಲ್ಲ ಅಂದ್ರು. ಗಣಿಗಳು ಮುಚ್ಚಿ ಊರೇ ಖಾಲಿ ಆಗ್ತಾ ಬಂತು, 1960ರ ಸುಮಾರಿಗೆ ನಾಲ್ಕು ಲಕ್ಷದ ಹತ್ರ ಇದ್ದ ಗೆಲ್ಸನ್‌ಕಿರ್ಶನ್‌ನಲ್ಲಿ ಈಗ ಇರೋದು ಎರಡೂವರೆ ಲಕ್ಷ ಚಿಲ್ಲರೆ. ಭಾನುವಾರ ಬರೋ ನಾಲ್ಕು ಜನಕ್ಕೆ ಅಷ್ಟು ದೊಡ್ಡ ಜಾಗ ಬೆಚ್ಚಗಿಡೋ ಖರ್ಚು ಯಾರು ಕೊಡ್ತಾರೆ ಹೇಳಿ.

ಬರ್ಲಿನ್_ಬಸವ
ಅಷ್ಟು ಎತ್ತರದ ಜಾಗ ಖಾಲಿ ಬಿಡೋ ಬದ್ಲು ಒಳಗೆ ಮೂರ್ನಾಲ್ಕು ಫ್ಲೋರ್ ಹಾಕಿ ಮನೆ ಮಾಡಿದ್ರೆ ಜನಕ್ಕಾದ್ರೂ ಉಪಯೋಗ ಆಗ್ತಿತ್ತು ಅಲ್ವಾ? ಬರ್ಲಿನ್‌ನಲ್ಲಿ ಸೇಂಟ್ ಆಗ್ನೆಸ್ ಅಂತ ಒಂದು ಚರ್ಚ್ ಇದೆ, ವೆರ್ನರ್ ಡ್ಯುಟ್‌ಮನ್ 1967ರಲ್ಲಿ ಮುಗಿಸಿದ್ದು, ಅದನ್ನ ಆರ್ಟ್ ಗ್ಯಾಲರಿ ಮಾಡುವಾಗ ಮಧ್ಯದಲ್ಲಿ ಫ್ಲೋರ್ ಹಾಕಿದ್ರಲ್ಲ.

ಗಾರೆ_ಮತ್ತು_ಗೆರೆ
ಬಸವಣ್ಣ, ಇಲ್ಲಿ ನಾನು ಖಂಡಿತ ಒಪ್ಪಲ್ಲ. ಆಗ್ನೆಸ್‌ನಲ್ಲಿ ಗ್ಯಾಲರಿ ಮಾಡಿದ ಆರ್ಕಿಟೆಕ್ಟ್ ಬ್ರಾಂಡ್ಲ್‌ಹ್ಯೂಬರ್ ಹಾಕಿದ್ದು ಒಂದೇ ಒಂದು ಕಾಂಕ್ರೀಟ್ ಫ್ಲೋರ್, ಮೇಜಿನ ಥರ ತನ್ನದೇ ಕಾಲ ಮೇಲೆ ನಿಂತಿರೋದು, ಅಲ್ಲಿ ಗೋಡೆ ನೆಟ್ಟಗಿವೆ, ಹಾಗಾಗಿ ಮೇಲಿನ ಅರ್ಧವೂ ಒಂದು ಪೂರ್ತಿ ಕೋಣೆ ಅನ್ಸುತ್ತೆ. ಪ್ಯಾರಾಬೋಲದ ಮಧ್ಯೆ ಫ್ಲೋರ್ ಹಾಕಿ ನೋಡಿ, ಕೆಳಗಿನವರಿಗೆ ಓರೆ ಗೋಡೆ, ಮೇಲಿನವರಿಗೆ ತಲೆಗೆ ತಾಗೋ ಅಟ್ಟ, ಫ್ರಾಂಕೆ ಕಟ್ಟಿದ ಬಾಗು ಮಾತ್ರ ಎಲ್ಲೂ ಕಾಣಲ್ಲ. ಅವರು ಕೊಟ್ಟದ್ದೇ ಆ ಖಾಲಿ ಜಾಗ ಕಣಣ್ಣ, ಅದನ್ನ ಹೋಳು ಮಾಡಿದ್ಮೇಲೆ ಹೊರಗಿನ ಇಟ್ಟಿಗೆ ಉಳ್ಸಿ ಏನು ಬಂತು? ಮ್ಯೋನ್‌ಶೆನ್‌ಗ್ಲಾಡ್‌ಬಾಖ್‌ನಲ್ಲಿ ಕ್ಲೆಮೆನ್ಸ್ ಹೋಲ್ಟ್ಸ್‌ಮೈಸ್ಟರ್ ಕಟ್ಟಿದ ಸೇಂಟ್ ಪೀಟರ್ 2010ರಿಂದ ಕ್ಲೈಂಬಿಂಗ್ ಹಾಲ್ ಆಗಿದೆ, ಕೇಳೋಕೆ ವಿಚಿತ್ರ, ಆದ್ರೆ ಅಲ್ಲಿ ಎತ್ತರಕ್ಕೆ ಎತ್ತರವಾಗೇ ಕೆಲಸ ಇದೆ, ಅದು ನನಗೆ ಮನೆಗಿಂತ ಎಷ್ಟೋ ಸರಿ ಅನ್ಸುತ್ತೆ.

ಹಾಲ್ ಮಾಡೋದೂ ಸುಲಭ ಅಲ್ಲ ಬಿಡಿ. ಚರ್ಚ್‌ನಲ್ಲಿ ಟಾಯ್ಲೆಟ್ ಇರಲ್ಲ, ಬೆಂಕಿ ಬಿದ್ರೆ ನೂರಾರು ಜನ ಹೊರಗೋಡೋಕೆ ಬಾಗಿಲು ಸಾಲಲ್ಲ, ವೈರಿಂಗ್, ಲೈಟು, ಹೀಟಿಂಗ್ ಎಲ್ಲ ಹೊಸದಾಗಿ ಬೇಕು, ಅದೂ ಹಳೇ ಗೋಡೆಗೆ ಕಂಡಲ್ಲೆಲ್ಲ ತೂತು ಕೊರೀದೆ. ಶಬ್ದದ್ದು ಇನ್ನೂ ಕಷ್ಟ, ಬಾಗಿದ ಗಟ್ಟಿ ಮೇಲ್ಮೈ ಸದ್ದನ್ನ ಒಂದೇ ಕಡೆ ಗುಡ್ಡೆ ಹಾಕುತ್ತೆ, ಆರ್ಗನ್ ವಾದ್ಯಕ್ಕೆ ಅದು ವರ, ಮೈಕ್ ಹಿಡಿದು ಮಾತಾಡೋರಿಗೆ ಒಂದು ಶಬ್ದದ ಮೇಲೆ ಇನ್ನೊಂದು ಬೀಳುತ್ತೆ.

ರೂರ್_ಕನ್ನಡಿಗ
ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಮೇರಿ ಅಕ್ಕ. ನಾನು ಹಿಂದೆ ಕೂತಿದ್ದೆ, ಚೆಲ್ಲೋ ನಾದ ಎದೆಗೇ ಬಂದು ತಾಗಿದ ಹಾಗಿತ್ತು, ಆದ್ರೆ ನಿರೂಪಕರ ಮಾತು ಅರ್ಧ ತಿಳೀಲಿಲ್ಲ, ನನ್ನ ಜರ್ಮನ್ ಸಾಲದು ಅಂದ್ಕೊಂಡಿದ್ದೆ! ಕಾರ್ಯಕ್ರಮ ಇಲ್ಲದಾಗ ಹಗಲು ಬೆಳಕಲ್ಲಿ ಒಳಗೆ ನೋಡೋಕೆ ಏನಾದ್ರೂ ದಾರಿ ಇದೆಯಾ?

ಮಂಗ್ಳೂರು_ಮೇರಿ
ಸೆಪ್ಟೆಂಬರ್ ಎರಡನೇ ಭಾನುವಾರ ಜರ್ಮನಿ ಪೂರ್ತಿ ಸ್ಮಾರಕಗಳ ಬಾಗಿಲು ತೆರೆಯೋ ದಿನ ಇರುತ್ತೆ, ಆ ವರ್ಷದ ಪಟ್ಟೀಲಿ ಇದು ಇದೆಯಾ ನೋಡ್ಕೊಳ್ಳಿ. ಇದ್ರೆ ಬೆಳಿಗ್ಗೇನೇ ಹೋಗಿ, ಊರಿನ ವಯಸ್ಸಾದವರು ಯಾರಾದ್ರೂ ಸಿಕ್ಕಿದ್ರೆ ಬಲಿಪೀಠ ಎಲ್ಲಿತ್ತು, ಅವರು ಯಾವ ಸಾಲಲ್ಲಿ ಕೂರ್ತಿದ್ರು ಅಂತ ಕೇಳಿ, ಖುಷಿಯಿಂದ ತೋರಿಸ್ತಾರೆ.