ವಯಸ್ಸು ಅಂಚಿನದಾ, ತಿರುಳಿನದಾ?

(ಭೂವಿಜ್ಞಾನ ಎಂಎಸ್ಸಿ ಹಳೇ ಬ್ಯಾಚಿನ ವಾಟ್ಸಾಪ್ ಗುಂಪು)

ಶಂಕರ: [ಫಾರ್ವರ್ಡ್ ಮಾಡಲಾಗಿದೆ] ಭೂಮಿಯ ಒಡಲಿನ ಬಿಸಿನೀರು ವಿರಳ ಭೂಖನಿಜಗಳನ್ನು ಸಕ್ಕರೆಯಂತೆ ಕರಗಿಸಿ ಮೈಲುಗಟ್ಟಲೆ ಹೊತ್ತೊಯ್ಯುತ್ತದೆ! ಫ್ಲೋರಿನ್ ಇದ್ದರಂತೂ ಇನ್ನೂ ಸಲೀಸು. ನೀರು ಬಿಸಿಯಾದಷ್ಟೂ ಅದಿರು ಹೆಚ್ಚು!!

ಪ್ರಕಾಶ: ಯಾವ ಪುಣ್ಯಾತ್ಮ ಬರೆದಿದ್ದೋ ಇದು? ಮೊನಜೈಟ್ ಏನು ಸಕ್ಕರೆನಾ? ಸೀರಿಯಂ, ಲ್ಯಾಂಥನಂ ಥರದ ವಿರಳ ಭೂಧಾತು (ರೇರ್ ಅರ್ಥ್) ಇರೋ ಫಾಸ್ಫೇಟ್ ಅದು. ಬಂಡೆಯೆಲ್ಲಾ ಕೊಳೆತು ಮಣ್ಣಾಗಿ, ಹೊಳೇಲಿ ಉರುಳಿ, ಕಡಲ ದಂಡೆ ಮರಳಿಗೆ ಬಂದು ಬಿದ್ದ ಮೇಲೂ ಕಾಳು ಕಾಳಾಗಿ ಉಳಿಯೋ ಖನಿಜ. ಅದನ್ನ ಒಡೆಯೋಕೆ ಕಾರ್ಖಾನೇಲಿ ಬಿಸಿ ಸಲ್ಫ್ಯೂರಿಕ್ ಆಮ್ಲವೋ ಕಾಸ್ಟಿಕ್ ಸೋಡಾನೋ ಬೇಕು.

ಪ್ರಕಾಶ: ಒಳಗಿನ ಥೋರಿಯಂ, ಯುರೇನಿಯಂ ಕ್ಷಯಿಸಿ ಕಾಲಕಾಲಕ್ಕೆ ಕೂಡಿಕೊಳ್ಳೋ ಸೀಸ ಕೂಡ 900 ಡಿಗ್ರಿ ದಾಟೋವರೆಗೂ ಜರುಗಲ್ಲ. ಅದಕ್ಕೇ ಅಲ್ವಾ ಬಂಡೆ ವಯಸ್ಸು ಕಟ್ಟೋಕೆ ಅದನ್ನೇ ನೆಚ್ಚಿಕೊಳ್ಳೋದು.

ವೀಣಾ: ಫಾರ್ವರ್ಡ್ ತಪ್ಪು, ಒಪ್ಪಿದೆ. ನೀನೂ ಅರ್ಧ ತಪ್ಪು ಕಣೋ.

ಶಂಕರ: ನಾನು ಬರೀ ಪೋಸ್ಟ್‌ಮ್ಯಾನ್ ಕಣ್ರಪ್ಪಾ. ಬ್ಯಾಂಕ್ ಸೇರಿದ ಮೇಲೆ ಕಲ್ಲು ಮುಟ್ಟಿಲ್ಲ.

ವೀಣಾ: [ಫೋಟೋ]

ವೀಣಾ: ನಿನ್ನೆ ಲ್ಯಾಬಲ್ಲಿ ತೆಗೆದ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ. ನಡುವೆ ಬೆಳ್ಳಗೆ ಹೊಳೀತಿರೋದು ಮೊನಜೈಟ್ ತಿರುಳು. ಸುತ್ತ ಮಂಕು ಉಂಗುರ ಅಪಟೈಟ್. ಅದರಾಚೆ ತೆಳ್ಳಗೆ ಅಲನೈಟ್. ಎಲ್ಲಕ್ಕಿಂತ ಹೊರಗೆ ಎಪಿಡೋಟ್. ಬಿಸಿ ದ್ರವದ ಜೊತೆ ಬಂದ ಕ್ಯಾಲ್ಸಿಯಂ, ಮೊನಜೈಟಿನ ಫಾಸ್ಫೇಟನ್ನ ಅಲ್ಲೇ ಹಿಡ್ಕೊಂಡು ಅಪಟೈಟ್ ಆಯ್ತು. ಬಿಟ್ಟುಹೋದ ಸೀರಿಯಂ, ಲ್ಯಾಂಥನಂ ಪಕ್ಕದಲ್ಲೇ ಅಲನೈಟ್‌ಗೆ ಸೇರ್ಕೊಂಡ್ವು.

ಶಂಕರ: ಅಂದ್ರೆ ಮೈಲುಗಟ್ಟಲೆ ಹೋಗ್ಲಿಲ್ವಾ?

ವೀಣಾ: ಈ ಕಾಳಲ್ಲಿ? ಒಂದು ಕೂದಲ ದಪ್ಪ ಅಷ್ಟೇ.

ಪ್ರಕಾಶ: ಡಿಫ್ಯೂಷನ್ ಇರಬಹುದು, ಗಟ್ಟಿ ಹರಳಿನೊಳಗೇ ಪರಮಾಣುಗಳು ಮೆಲ್ಲಗೆ ಜರುಗಿರಬಹುದು. ದ್ರವ ಅಂತ ಹೇಗೆ ಹೇಳ್ತೀಯ?

ವೀಣಾ: ಡಿಫ್ಯೂಷನ್ ಆಗಿದ್ರೆ ಗಡಿ ಮಸುಕಾಗಿ ಕರಗಿಹೋಗಿರ್ಬೇಕಿತ್ತು. ಇಲ್ಲಿ ಚಾಕುವಲ್ಲಿ ಕೊಯ್ದ ಹಾಗಿದೆ. ಅಂಚನ್ನ ಜೂಮ್ ಮಾಡು. ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ ಕಾಣುತ್ತಾ? ಅವು ರಂಧ್ರ. ಹಳೇ ಹರಳು ಕರಗಿದ ಜಾಗದಲ್ಲೇ ಹೊಸದು ಕೂರುತ್ತೆ, ಆದ್ರೆ ಪೂರ್ತಿ ತುಂಬಲ್ಲ. ಉಳಿದ ತೂತಲ್ಲಿ ದ್ರವ ಇನ್ನೂ ಒಳಕ್ಕೆ ನುಗ್ಗುತ್ತೆ. ಗೆದ್ದಲು ಹಿಡಿದ ತೊಲೆ ನೋಡಿದ್ಯಲ್ಲ, ಆಕಾರ ಅದೇ, ಮೈ ಬೇರೆ.

ಪ್ರಕಾಶ: ಸರಿ, ಫ್ಲೋರಿನ್ ವಿಷಯಕ್ಕೆ ಬಾ. ಅದು ಮಾತ್ರ ಫಾರ್ವರ್ಡ್‌ನಲ್ಲಿ ಸರಿಯಾಗೇ ಇದೆ. ರೇರ್ ಅರ್ಥ್ ಫ್ಲೋರೈಡ್ ಸಂಯುಕ್ತವಾಗಿ ನೀರಲ್ಲಿ ಸಾಗುತ್ತೆ ಅಂತ ಕ್ಲಾಸಲ್ಲೇ ಬರ್ಕೊಂಡಿದ್ವಿ.

ಮೇಡಂ: ಬರೆಸಿದ್ದು ನಾನೇ.

ಶಂಕರ: ನಮಸ್ಕಾರ ಮೇಡಂ! ಎಲ್ರೂ ಎದ್ದು ನಿಂತ್ಕೊಳ್ರೋ.

ಮೇಡಂ: ಕೂತ್ಕೊಳ್ಳಿ. ಆಗ ನಮ್ಮ ಹತ್ರ ಇದ್ದದ್ದು 25 ಡಿಗ್ರಿಯ ಲೆಕ್ಕ, ಅದನ್ನೇ ಎಳೆದು ಬಿಸಿ ದ್ರವಕ್ಕೂ ಹಚ್ಚುತ್ತಿದ್ದೆವು. ಆಮೇಲೆ ಮಿಗ್ಡಿಸೋವ್, ವಿಲಿಯಮ್ಸ್-ಜೋನ್ಸ್ ಅವರು ಬಿಸಿಯಲ್ಲೇ ಪ್ರಯೋಗ ಮಾಡಿ ನೋಡಿದರು. ಬಿಸಿ ಆಮ್ಲೀಯ ದ್ರವದಲ್ಲಿ ಫ್ಲೋರಿನ್ ಹೆಚ್ಚಿನಂಶ ಹೈಡ್ರೋಜನ್ ಕೈ ಬಿಡುವುದಿಲ್ಲ. ಬಿಟ್ಟಿತು ಅನ್ನಿ, ರೇರ್ ಅರ್ಥ್ ಫ್ಲೋರೈಡ್ ಕರಗುವುದೇ ಅಷ್ಟಕ್ಕಷ್ಟೆ, ತಳ ಹಿಡಿಯುತ್ತದೆ. ಹೊರುವುದು ಕ್ಲೋರೈಡ್, ಕೆಲವು ಕಡೆ ಸಲ್ಫೇಟ್. ಫ್ಲೋರೈಡ್ ಇಳಿಸುವವನು.

ವೀಣಾ: ಕ್ಲೋರೈಡೂ ಎಲ್ಲ ರೇರ್ ಅರ್ಥನ್ನೂ ಒಂದೇ ಸಮ ಹೊರಲ್ಲ ಅಲ್ವಾ ಮೇಡಂ? ಬಿಸಿಯಲ್ಲಿ ಲ್ಯಾಂಥನಂ, ಸೀರಿಯಂ ಕ್ಲೋರೈಡ್ ಜೊತೆ ಗಟ್ಟಿಯಾಗಿ ಅಂಟ್ಕೊಳ್ತವೆ. ಭಾರದ ರೇರ್ ಅರ್ಥ್‌ಗಳು ಹಿಂದುಳೀತವೆ.

ಮೇಡಂ: ಹೌದು. ಇನ್ನು “ಬಿಸಿಯಾದಷ್ಟೂ ಅದಿರು” ಅನ್ನೋದು. ಸರಳ ಆಮ್ಲ ದ್ರಾವಣದಲ್ಲಿ 100ರಿಂದ 250 ಡಿಗ್ರಿವರೆಗೆ ಮೊನಜೈಟ್ ಬಿಸಿ ಏರಿದಂತೆ ಕಡಿಮೆ ಕರಗುತ್ತದೆ. ನೀರಲ್ಲಿ ಏನಿದೆ ಅಂತ ಕೇಳದೆ ಎಷ್ಟು ಬಿಸಿ ಅಂತ ಮಾತ್ರ ಕೇಳಬಾರದು.

ಪ್ರಕಾಶ: ಹಾಗಾದ್ರೆ ಚೀನಾದ ಬಯನ್ ಓಬೋ? ಅಷ್ಟು ದೊಡ್ಡ ಅದಿರು ಕೂದಲ ದಪ್ಪ ಜರುಗಿ ಆಯ್ತಾ?

ವೀಣಾ: ಅಲ್ಲಿ ಡಾಲಮೈಟ್ ಅನ್ನೋ ಕಾರ್ಬೊನೇಟ್ ಕಲ್ಲಿದೆ ಕಣೋ. ಆಮ್ಲೀಯ ದ್ರವ ಕಾರ್ಬೊನೇಟ್‌ಗೆ ತಾಗಿದ್ರೆ ಆಮ್ಲತೆ ಇಳಿಯುತ್ತೆ, ಹೊತ್ತು ತಂದ ರೇರ್ ಅರ್ಥನ್ನ ಬಾಸ್ಟ್ನಸೈಟ್ (ರೇರ್ ಅರ್ಥ್ ಫ್ಲೋರೋಕಾರ್ಬೊನೇಟ್ ಖನಿಜ) ಆಗಿ, ಮೊನಜೈಟ್ ಆಗಿ ಇಳಿಸುತ್ತೆ. ಆದ್ರೂ ಅದನ್ನ ಇಷ್ಟಕ್ಕೇ ಮುಗಿಸೋಕಾಗಲ್ಲ. ಅಲ್ಲಿನ ವಯಸ್ಸು ಎರಡು ಗುಂಪು: ಸುಮಾರು 130 ಕೋಟಿ ವರ್ಷ, ಸುಮಾರು 40 ಕೋಟಿ. ಮೊದಲನೇದು ಕಾರ್ಬೊನಟೈಟ್ ಅನ್ನೋ, ಕಾರ್ಬೊನೇಟ್ ತುಂಬಿದ ಶಿಲಾಪಾಕದ್ದು. ಎರಡನೇ ಸಲ ಬಂದ ದ್ರವ ಹೊಸ ಸರಕು ತಂತಾ, ಹಳೇದನ್ನೇ ಕರಗಿಸಿ ಮತ್ತೆ ಕೂರಿಸ್ತಾ ಅಂತ ಇನ್ನೂ ಜಗಳ ಇದೆ.

ಪ್ರಕಾಶ: ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್‌ನಲ್ಲಿ ಬಾಸ್ಟ್ನಸೈಟ್ ಬಹುತೇಕ ನೇರವಾಗಿ ಶಿಲಾಪಾಕದಿಂದಲೇ ಹರಳುಗಟ್ಟಿದ್ದು. ಎಲ್ಲದಕ್ಕೂ ಬಿಸಿನೀರು ಹೊಯ್ಯಬೇಡ.

ವೀಣಾ: ಅದಕ್ಕೆ ನನ್ನ ತಕರಾರಿಲ್ಲ. ನಿನ್ನ 900 ಡಿಗ್ರಿಗೆ ಇದೆ. ಅದು ಡಿಫ್ಯೂಷನ್ ಲೆಕ್ಕ. 450 ಡಿಗ್ರಿ ಆಸುಪಾಸಿನಲ್ಲಿ ಸೋಡಿಯಂ ಸಿಲಿಕೇಟ್ ಇರೋ ಕ್ಷಾರೀಯ ದ್ರವದಲ್ಲಿ ಮೊನಜೈಟ್ ಇಟ್ಟು ನೋಡಿದಾರೆ. ಮಾರ್ಪಟ್ಟ ಭಾಗದಲ್ಲಿ ಸೀಸ ಹೊರಟೇ ಹೋಗಿತ್ತು. ಅಲ್ಲಿ ಗಡಿಯಾರ ಸೊನ್ನೆಯಿಂದ ಶುರು.

(ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಪ್ರಕಾಶ ಒಂದು ಸಂದೇಶ ಹಾಕಿ ಅಳಿಸಿದ.)

ಶಂಕರ: ಏನೋ ಅಳಿಸಿದ್ದು?

ಪ್ರಕಾಶ: ಏನಿಲ್ಲ. ನನ್ನ ಥೀಸಿಸ್‌ನ ವಯಸ್ಸು ನೆನಪಾಯ್ತು. ಸುತ್ತಲಿನ ಯಾವ ಘಟನೆಗೂ ತಾಳೆ ಆಗಿರ್ಲಿಲ್ಲ. ಹಳೇದಕ್ಕೂ ಅಲ್ಲ, ಹೊಸದಕ್ಕೂ ಅಲ್ಲ, ನಡುವೆ ನಿಂತಿತ್ತು. ವೈವಾದಲ್ಲಿ ನಾನು “ಹೊಸ ಘಟನೆ” ಅಂತ ವಾದ ಮಾಡಿ ಗೆದ್ದೆ.

ಮೇಡಂ: ನನಗೂ ನೆನಪಿದೆ. ಇಡೀ ಕಾಳು ಕರಗಿಸಿ ಅಳೆದಿದ್ದಲ್ವಾ? ಕರಗಿಸೋ ಮುಂಚೆ ಚಿತ್ರ ತೆಗೆದಿದ್ರಾ?

ಪ್ರಕಾಶ: ಇಲ್ಲ ಮೇಡಂ. ಯಂತ್ರದ ಸಮಯ ಎಲ್ಲಿ ಸಿಗ್ತಿತ್ತು ಆಗ?

ವೀಣಾ: ತಿರುಳು, ಅಂಚು ಎರಡನ್ನೂ ಸೇರಿಸಿ ಕರಗಿಸಿದ್ರೆ ಬರೋದು ಬೆರಕೆ ವಯಸ್ಸು ಕಣೋ. ಆ ವರ್ಷ ಅಲ್ಲಿ ಏನೂ ನಡೆದೇ ಇಲ್ದೆ ಇರಬಹುದು. ಆ ಬಂಡೆಯ ತೆಳು ಸೀಳಿನ ಸ್ಲೈಡ್ ಉಳಿದಿದ್ಯಾ?

ಪ್ರಕಾಶ: [ಫೋಟೋ]

ಪ್ರಕಾಶ: ಅಟ್ಟದ ಟ್ರಂಕಲ್ಲಿತ್ತು. ಅಂಟು ಹಳದಿಯಾಗಿದೆ.

ವೀಣಾ: ಮೇಲಿನ ಗಾಜು ಹಾಗೇ ಇದ್ಯಲ್ಲೋ, ಅದನ್ನ ಬಿಡಿಸಿ ಪಾಲಿಶ್ ಮಾಡಿ ಕಾರ್ಬನ್ ಲೇಪ ಕೊಡ್ಬೇಕು. ನೀನೇ ಬಿಡಿಸೋಕೆ ಹೋಗ್ಬೇಡ, ಒಡೀತೀಯ. ಹತ್ತಿ ಸುತ್ತಿ ಕೊರಿಯರ್ ಮಾಡು.