ಯಜಮಾನರು ಹೋದ ಮೇಲೆ ಹೋಮ್ ಲೋನ್: ದಾಟಿದವರು ಹೇಳಿ

ಕೇಳಿದವರು, ಹಾಸನ:
ನಮ್ಮ ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಯಿತು. ಸಾಲ ಇಬ್ಬರ ಹೆಸರಲ್ಲೂ ಇದೆ. ಇನ್ನೂ 11 ವರ್ಷ, ತಿಂಗಳಿಗೆ ₹18,400 ಇಎಂಐ. ಖಾಸಗಿ ಶಾಲೆಯಲ್ಲಿ ನನ್ನ ಸಂಬಳ ₹24,000. ಮಗಳು ಆರನೇ ಕ್ಲಾಸು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮನೆಗೆ ಬರುವವರೂ ಕಡಿಮೆ. ನೀವೆಲ್ಲ ಹೇಗೆ ನಿಭಾಯಿಸಿದಿರಿ? ಜೊತೆಗೆ ಯಾರಿದ್ದರು?

ಶಿವಮೊಗ್ಗದಿಂದ:
ತಂಗಿ, ಆರು ವರ್ಷದ ಹಿಂದೆ ನನಗೂ ಇದೇ ಆಯಿತು. ಎರಡು ತಿಂಗಳು ನಾನು ಲೋನ್ ಫೈಲ್ ಮುಟ್ಟಲೇ ಇಲ್ಲ. ಅದರ ಮೇಲೆ ಅವರ ಕೈಬರಹ ಇತ್ತು. ಬ್ಯಾಂಕಿನಲ್ಲಿ ಕೇಳಿದಾಗ 'ಇನ್ಶೂರೆನ್ಸ್ ಏನೂ ಇಲ್ಲಮ್ಮ' ಅಂದರು. ನಂಬಿ ವಾಪಸ್ ಬಂದೆ. ಆಮೇಲೆ ಒಂದು ಭಾನುವಾರ ಅವರ ಆಫೀಸಿನ ಗೆಳೆಯರು ಹೆಂಡತಿ ಜೊತೆ ಬಂದರು. ಚಾಪೆ ಮೇಲೆ ಕಾಗದ ಹರಡಿಕೊಂಡು, ಲೋನ್ ಸ್ಟೇಟ್‌ಮೆಂಟನ್ನು ಮೊದಲ ತಿಂಗಳಿಂದ ಬೆರಳಿಟ್ಟು ಓದುತ್ತಾ ಹೋದರು. ಎರಡನೇ ಸಾಲಿನಲ್ಲೇ ಇತ್ತು: ಇನ್ಶೂರೆನ್ಸ್ ಪ್ರೀಮಿಯಂ, ₹41,300. ಸಾಲದ ಜೊತೆಗೇ ಸೇರಿಸಿ ಹಿಡಿದುಕೊಂಡಿದ್ದರು. ಆ ಕ್ಲೇಮಿನಿಂದ ನಮ್ಮ ಸಾಲ ಅರ್ಧಕ್ಕಿಂತ ಜಾಸ್ತಿ ತೀರಿತು.

ಹಾಗಾಗಿ ಮೊದಲು ಸ್ಯಾಂಕ್ಷನ್ ಲೆಟರ್, ಪೂರ್ತಿ ಸ್ಟೇಟ್‌ಮೆಂಟ್ ಎರಡನ್ನೂ ತೆಗೆಸಿ. ನಿಮ್ಮ ಯಜಮಾನರ ಪಾಸ್‌ಬುಕ್ಕಿನಲ್ಲಿ ಮೇ ಕೊನೆಗೆ ₹436 ಕಡಿತ ಆಗಿದೆಯಾ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ, ₹2 ಲಕ್ಷದ್ದು. ಪಿಎಫ್ ಇದ್ದ ಕೆಲಸವಾಗಿದ್ದರೆ ಪಿಎಫ್ ದುಡ್ಡಿನ ಜೊತೆ ಇಡಿಎಲ್‌ಐ ವಿಮೆಯೂ ಇರುತ್ತದೆ, ₹7 ಲಕ್ಷದವರೆಗೆ. ಪಿಂಚಣಿಗೆ 10ಡಿ ಅಂತ ಬೇರೆ ಅರ್ಜಿ ಹಾಕಬೇಕು. ಇದನ್ನೆಲ್ಲ ಒಬ್ಬರೇ ಕೂತು ಹುಡುಕಬೇಡಿ. ಅಳು ಬಂದಾಗ ಪಕ್ಕದಲ್ಲಿ ಕೂತು ಓದೋಕೆ ಒಬ್ಬರು ಬೇಕು.

ಮಂಡ್ಯದಿಂದ:
ಅಪ್ಪ ಹೋದಾಗ ನಾವು ಮಾಡಿದ ತಪ್ಪು ಹೇಳುತ್ತೇನೆ ಮೇಡಂ. ಕಂತು ನಿಲ್ಲಿಸಿ ಸುಮ್ನೆ ಕೂತೆವು. 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಅಂತ ಲೆಕ್ಕ. ಆಮೇಲೆ ಬಾಕಿ ಪೂರ್ತಿ ಕಟ್ಟಿ ಅಂತ 60 ದಿನದ ನೋಟಿಸ್. ಆ ಲಕೋಟೆಯನ್ನು ಅಮ್ಮ ದೇವರ ಗೂಡಿನಲ್ಲಿಟ್ಟು ಯಾರಿಗೂ ಹೇಳಿರಲಿಲ್ಲ. ನೀವು ಕಂತು ತಪ್ಪುವ ಮುಂಚೆಯೇ ಹೋಗಿ, ಅವಧಿ ಹೆಚ್ಚಿಸಿ ಅಂತ ಬರೆದು ಕೊಡಿ, ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಶೇ. 9ರ ಬಡ್ಡಿ ಅಂತಿಟ್ಟುಕೊಂಡರೆ ನಿಮ್ಮ ಬಾಕಿ ಸುಮಾರು ₹15.4 ಲಕ್ಷ. ಅದನ್ನೇ 20 ವರ್ಷಕ್ಕೆ ಎಳೆದರೆ ಕಂತು ₹14,000ದ ಹತ್ತಿರ ಬರುತ್ತದೆ. ಬಡ್ಡಿ ಒಟ್ಟಾರೆ ಜಾಸ್ತಿ ಆಗುತ್ತದೆ, ನಿಜ. ಆದರೆ ಫ್ಲೋಟಿಂಗ್, ಅಂದರೆ ಆಗಾಗ ಬದಲಾಗುವ ಬಡ್ಡಿಯ ಸಾಲಕ್ಕೆ ಮುಂಚೆ ಕಟ್ಟಿದರೆ ದಂಡ ಇಲ್ಲ. ವಿಮೆ ದುಡ್ಡು ಬಂದಾಗ ಕಟ್ಟಿಬಿಡಬಹುದು.

ತುಮಕೂರಿನಿಂದ:
ಲೆಕ್ಕ ಎಲ್ಲ ಸರಿ. ಆದರೆ 'ಬರುವವರೂ ಕಡಿಮೆ' ಅಂತ ಬರೆದಿದ್ದೀರಲ್ಲ, ಅದು ನನ್ನ ತಲೆಯಿಂದ ಹೋಗ್ತಾ ಇಲ್ಲ. ನನ್ನನ್ನೂ ಅರಿಶಿನ ಕುಂಕುಮಕ್ಕೆ ಕರೆಯೋದು ನಿಲ್ಲಿಸಿದ್ದರು. ಗೌರಿ ಹಬ್ಬದ ದಿನ ಬಾಗಿಲು ಹಾಕಿಕೊಂಡು ಕೂತಿದ್ದೆ. ಎದುರು ಮನೆ ಅಜ್ಜಿ ಬಂದು ತಟ್ಟಿದರು. ಮೊರದ ಬಾಗಿನ ನನ್ನ ಕೈಗಿಟ್ಟು, 'ನೀನು ಬರದೆ ನಮ್ಮನೇಲಿ ಎಲೆ ಹಾಕಲ್ಲ ಕಣೇ' ಅಂದರು. ಅವತ್ತು ನಾನು ಅವರ ಮನೇಲೇ ಉಂಡೆ. ಮುಂದಿನ ವಾರದಿಂದ ಅವರ ಸೊಸೆ ನನ್ನ ಮಗನನ್ನೂ ಸ್ಕೂಲಿಂದ ಕರೆದುಕೊಂಡು ಬರತೊಡಗಿದರು. ಆ ಎರಡು ಗಂಟೆಯಲ್ಲಿ ಟ್ಯೂಷನ್ ಹೇಳಿಕೊಟ್ಟೆ, ತಿಂಗಳಿಗೆ ₹5,000 ಆಗುತ್ತಿತ್ತು. ದುಡ್ಡು ಕೇಳೋಕೆ ಮುಜುಗರ ಅಲ್ವಾ? ಸಮಯ ಕೇಳಿ. ಜನ ಕೊಡ್ತಾರೆ.

ಒಂದು ಮಾತ್ರ ದಯವಿಟ್ಟು ಮಾಡಬೇಡಿ. ಬ್ಯಾಂಕಿನ ಕಂತು ಕಟ್ಟೋಕೆ ಮೈಕ್ರೋ ಫೈನಾನ್ಸ್ ಸಾಲ ತಗೋಬೇಡಿ. ರಾತ್ರಿ ನಿದ್ದೆ ಬರದಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ. ನಾನು ಮಾಡಿದ್ದೇನೆ.

ಮೈಸೂರಿನಿಂದ:
ಮನೆ ಯಜಮಾನರ ಹೆಸರಲ್ಲಿದ್ದು ವಿಲ್ ಇಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಿಮಗೆ, ಮಗಳಿಗೆ, ಅತ್ತೆ ಇದ್ದರೆ ಅವರಿಗೂ ಸಮಪಾಲು. ಭಾವ, ಮೈದುನರಿಗೆ ಇಲ್ಲ. ಅತ್ತೆಯವರ ಹತ್ತಿರ ಮೊದಲೇ ಕೂತು ಮಾತಾಡಿ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ. ಸಹಾಯವಾಣಿ 15100.

ಹಾಸನದಿಂದ:
ಅಕ್ಕ, ನಾನು ಇಲ್ಲೇ ಇದ್ದೇನೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಎರಡನೇ, ನಾಲ್ಕನೇ ಶನಿವಾರ ರಜೆ, ಹಾಗಾಗಿ ಮೊದಲನೇ ಶನಿವಾರ ಹೋಗೋಣ. ಡೆತ್ ಸರ್ಟಿಫಿಕೇಟ್ ನಾಲ್ಕೈದು ಪ್ರತಿ ಜೆರಾಕ್ಸ್ ಮಾಡಿಸಿಡಿ. ಫೈಲ್ ತೆರೆಯೋಕೆ ಮನಸ್ಸಾಗದಿದ್ದರೆ ಹಾಗೇ ತನ್ನಿ, ನಾನು ತೆರೆಯುತ್ತೇನೆ.